ಓದಿನ ತರಗತಿಗೆ ಹಣ ಕೊಡಬಹುದು, ‘ಬಲ ಮೆದುಳಿನ ವ್ಯಾಯಾಮ’ಕ್ಕೆ ಬೇಡ

ಮಂಗಳೂರಿನ ಕದ್ರಿ ಭಾಗದ ಒಂದು ವಸತಿ ಸಮುಚ್ಚಯದ ಮೊದಲ ಮಹಡಿಯಲ್ಲಿ ನಡೆಯುವ ಈ ಕೇಂದ್ರದಲ್ಲಿ ಎರಡು ಸೇವೆಗಳಿವೆ. ಡಿಸ್ಲೆಕ್ಸಿಯಾ (ಪದಗಳನ್ನು ಓದಲು, ಬರೆಯಲು ಕಷ್ಟವಾಗುವ ಕಲಿಕಾ ತೊಂದರೆ) ಇರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ವಾರಕ್ಕೆ ಮೂರು ಸಂಜೆ ನಡೆಸುವ ಓದಿನ ತರಗತಿ ಒಂದು. ಬೇರೆ ಶುಲ್ಕ ಪಡೆದು ಮಾಡಿಸುವ ‘ಬಲ ಮೆದುಳಿನ ವ್ಯಾಯಾಮ’ ಇನ್ನೊಂದು. ಐದನೇ ತರಗತಿಯ ನಮ್ಮ ಮಗ ಕಳೆದ ವರ್ಷದಿಂದ ಇಲ್ಲಿಗೆ ಹೋಗುತ್ತಿದ್ದಾನೆ. ಮೊದಲನೆಯ ಸೇವೆಯನ್ನು ಮನಸಾರೆ ಮೆಚ್ಚುತ್ತೇನೆ. ಎರಡನೆಯದರ ಬಗ್ಗೆ ತಕರಾರಿದೆ, ಆದ್ದರಿಂದಲೇ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ತರಗತಿಯ ಗಟ್ಟಿತನ ಇರುವುದು ಧ್ವನಿಯ ಕೆಲಸದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎಂಬ ನಮ್ಮ ಜಿಲ್ಲೆಯ ಸಾಮಾನ್ಯ ಸ್ಥಿತಿಯನ್ನು ಇಲ್ಲಿನ ಟೀಚರ್ ತೊಡಕೆಂದು ನೋಡದೆ, ಪುಸ್ತಕ ತೆರೆಯುವ ಮೊದಲು ತುಳುವಿನಲ್ಲೇ ಆಟ ಶುರುಮಾಡುತ್ತಾರೆ: ‘ಕಡಲ್’ನಿಂದ ಮೊದಲ ಧ್ವನಿ ತೆಗೆದರೆ ಏನು ಉಳಿಯುತ್ತದೆ, ಕೊನೆಯಲ್ಲಿ ಕೇಳುವುದು ಯಾವುದು. ಅನಂತರವೇ ಅಕ್ಷರದ ಬಿಲ್ಲೆಗಳು ಮೇಜಿಗೆ ಬರುತ್ತವೆ. ನಾನು ಪಕ್ಕದಲ್ಲಿ ಕುಳಿತು ನೋಡಿದ ಪಾಠದಲ್ಲಿ ಮಗ ‘ಪುಸ್ತಕ’ವನ್ನು ‘ಪುತಕ’ ಎಂದು ಓದಿದ. ಟೀಚರ್ ಸರಿಯಾದ ಪದವನ್ನು ಹೇಳಿಕೊಡಲಿಲ್ಲ. ‘ಸ’ಕಾರದ ಕೆಳಗಿದ್ದ ‘ತ’ ಒತ್ತನ್ನು ಮಾತ್ರ ಎತ್ತಿ ಪಕ್ಕಕ್ಕಿಟ್ಟು, “ಈಗ ಇಲ್ಲಿ ಏನುಂಟು, ಮಗಾ?” ಎಂದು ಕೇಳಿದರು. ಅವನು ‘ಸ’ ಎಂದ ಮೇಲೆ ಒತ್ತನ್ನು ಮೆಲ್ಲನೆ ಮತ್ತೆ ಅದೇ ಜಾಗಕ್ಕೆ ಸರಿಸಿದರು. ಅವನೇ ಎರಡನ್ನೂ ಕೂಡಿಸಿ ಹೇಳಿ, ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆದ.

ಈ ತಾಳ್ಮೆ ಕನ್ನಡಕ್ಕೆ ಬೇಕೇ ಬೇಕು. ಗುಣಿತ, ಒತ್ತು ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇವುಗಳ ಮೇಲೆ ಹಿಡಿತ ಬರಲು ಸಾಮಾನ್ಯ ಮಕ್ಕಳಿಗೂ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆ.

ಮೆದುಳಿನ ವಿಷಯಕ್ಕೆ ಬಂದರೆ, ಮೆದುಳು ಓದು ಕಲಿಯುವ ಬಗೆಯನ್ನು ವಿವರಿಸುವ ಕೇಂದ್ರದ ಗೋಡೆಯ ಚಿತ್ರಪಟ ಅರ್ಧ ಸರಿಯಾಗಿದೆ. ಮಾತು ಕೇಳುತ್ತ ಕೇಳುತ್ತ ತಾನಾಗಿ ಬರುತ್ತದೆ. ಓದಿಗೆಂದೇ ಹುಟ್ಟಿನಿಂದ ಸಿದ್ಧವಾದ ಜಾಗ ಮೆದುಳಿನಲ್ಲಿಲ್ಲ. ಕಲಿಕೆಯ ಫಲವಾಗಿ ಎಡಗೋಳಾರ್ಧದ ಮೂರು ಭಾಗಗಳು ಜೊತೆಗೂಡುತ್ತವೆ: ಉಚ್ಚಾರಣೆಗೆ ಸಂಬಂಧಿಸಿದ ಮುಂಭಾಗ, ಅಕ್ಷರವನ್ನು ಧ್ವನಿಗೆ ಹೊಂದಿಸುವ ಕಿವಿಯ ಮೇಲಿನ ಭಾಗ, ಪದವನ್ನು ಕಂಡೊಡನೆ ಗುರುತಿಸುವ ಹಿಂದಿನ ಕೆಳಭಾಗ. ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಕೊನೆಯ ಎರಡರ ಚಟುವಟಿಕೆ ಕಡಿಮೆ ಇರುತ್ತದೆ. ಬುದ್ಧಿಮತ್ತೆಗೂ ಇದಕ್ಕೂ ಸಂಬಂಧವಿಲ್ಲ. ಬೋಧನೆಯಿಂದ ಮೆದುಳು ಬದಲಾಗುತ್ತದೆ ಎಂಬ ಚಿತ್ರಪಟದ ಮಾತೂ ನಿಜ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಗಳ ಓದಿನ ಬೋಧನೆಯ ಅವಧಿಯಲ್ಲೇ ಮಕ್ಕಳ ಮೆದುಳಿನ ನರತಂತುಗಳ ರಚನೆಯಲ್ಲಿ ಬದಲಾವಣೆ ಕಂಡುಬಂದಿತ್ತು. ಆದರೆ ಆ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆಯಂತೆ ವಾರಕ್ಕೆ ಐದು ದಿನ ಪಾಠವಿತ್ತು ಎಂಬುದನ್ನು ಚಿತ್ರಪಟ ಹೇಳುವುದಿಲ್ಲ. ಸಂಜೆಗೊಂದು ಗಂಟೆಯ ತರಗತಿಯಿಂದ ಅದೇ ವೇಗ ನಿರೀಕ್ಷಿಸುವಂತಿಲ್ಲ.

‘ಬಲ ಮೆದುಳಿನ ವ್ಯಾಯಾಮ’ದಲ್ಲಿ ಮಕ್ಕಳು ಬಲಗೈಯಿಂದ ಎಡ ಮೊಣಕಾಲು ಮುಟ್ಟುತ್ತಾರೆ, ಗಾಳಿಯಲ್ಲಿ ಮಲಗಿದ ಎಂಟನ್ನು ಬರೆಯುತ್ತಾರೆ. ಇದರಿಂದ ಓದು ಹೇಗೆ ಸುಧಾರಿಸುತ್ತದೆ ಎಂದು ವಿಚಾರಿಸಿದರೆ, ಬಲಭಾಗ ಓದಿಗೆ ನೆರವಾಗುವುದನ್ನು ಅಮೆರಿಕದ ವಿಜ್ಞಾನಿಗಳು ತೋರಿಸಿದ್ದಾರೆ ಎಂಬ ಉತ್ತರ ಸಿಕ್ಕಿತು. ಅವರು ನೆಚ್ಚಿಕೊಂಡಿರುವುದು ನರವಿಜ್ಞಾನಿ ಫುಮಿಕೊ ಹೋಫ್ಟ್ ಮತ್ತು ಸಂಗಡಿಗರ 2011ರ ಅಧ್ಯಯನವನ್ನು ಇರಬೇಕು. ಡಿಸ್ಲೆಕ್ಸಿಯಾ ಇದ್ದ 25 ಮಕ್ಕಳನ್ನು ಎರಡೂವರೆ ವರ್ಷದ ಬಳಿಕ ಮತ್ತೆ ಪರೀಕ್ಷಿಸಿದಾಗ, ಆರಂಭದಲ್ಲಿ ಪದಗಳ ಧ್ವನಿಯನ್ನು ಹೋಲಿಸುವ ಕೆಲಸದಲ್ಲಿ ಮೆದುಳಿನ ಬಲ ಮುಂಭಾಗವನ್ನು ಹೆಚ್ಚು ಬಳಸಿದ್ದವರು ಮತ್ತು ಬಲಗಡೆಯ ಒಂದು ನರತಂತು ಕಟ್ಟು ಹೆಚ್ಚು ವ್ಯವಸ್ಥಿತವಾಗಿದ್ದವರು ಓದಿನಲ್ಲಿ ಹೆಚ್ಚು ಸುಧಾರಿಸಿದ್ದರು. ಸಾಮಾನ್ಯ ಓದಿನ ಪರೀಕ್ಷೆಗಳಿಂದ ಈ ಸುಧಾರಣೆಯನ್ನು ಮುಂಗಾಣಲು ಆಗಿರಲಿಲ್ಲ. ಎಡಗಡೆಯ ದಾರಿ ಕಠಿಣವಾದಾಗ ಕೆಲವು ಮಕ್ಕಳ ಮೆದುಳು ಬಲಗಡೆಯಿಂದ ಆಸರೆ ಪಡೆಯುತ್ತದೆ ಎಂಬ ಈ ಸೂಚನೆ ಕುತೂಹಲಕಾರಿಯೇ. ಆದರೆ ಅಲ್ಲಿ ಯಾರೂ ಮೊಣಕಾಲು ಮುಟ್ಟಿಸಲಿಲ್ಲ, ಬಲಭಾಗವನ್ನು ಎಬ್ಬಿಸುವ ಯಾವ ತರಬೇತಿಯನ್ನೂ ಪರೀಕ್ಷೆಗೆ ಒಡ್ಡಲಿಲ್ಲ. ಮುನ್ಸೂಚನೆಯನ್ನು ಚಿಕಿತ್ಸೆಯೆಂದು ಮಾರುವುದು ಸರಿಯಲ್ಲ. ಮಗನಿಗೆ ಆ ಅರ್ಧ ಗಂಟೆ ಖುಷಿಯೇ. ಆದರೆ ಅಂಥ ಖುಷಿ ಕದ್ರಿ ಪಾರ್ಕಿನಲ್ಲಿ ಇದಕ್ಕಿಂತ ಅಗ್ಗ.

ಶುಲ್ಕ ಸಾಮಾನ್ಯ ಟ್ಯೂಷನ್ನಿನ ಸುಮಾರು ಎರಡು ಪಟ್ಟು ಬೀಳುತ್ತದೆ, ಪಾಠಕ್ಕೆ ಅದು ದುಬಾರಿಯಲ್ಲ. ರಸ್ತೆ ಬದಿಯ ಕೋಣೆಯಲ್ಲಿ ಸಂಜೆ ಬಸ್ಸಿನ ಹಾರ್ನ್ ಜೋರಾಗಿ ಕೇಳುವುದರಿಂದ ಒಳಗಿನ ಕೋಣೆಯನ್ನು ಕೇಳಿ ಪಡೆಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ) ಸೇರಿದೆಯಾದರೂ, ಅದರಡಿಯ ಪ್ರಮಾಣಪತ್ರವನ್ನು ನೀಡುವ ಅಧಿಕಾರ ಇಂಥ ಕೇಂದ್ರಗಳಿಗಿಲ್ಲ; ಅದಕ್ಕೆ ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರಕ್ಕೇ ಹೋಗಬೇಕು. ಸೇರಿಸುವಾಗ ಕೊಡುವ ಅರ್ಜಿಯಲ್ಲಿ ಎರಡೂ ಸೇವೆಗಳಿಗೆ ಮೊದಲೇ ಗುರುತು ಹಾಕಿರುತ್ತಾರೆ. ವ್ಯಾಯಾಮ ಬೇಡವೆಂದು ನಾವು ಬರೆದುಕೊಟ್ಟೆವು. ಮುಂದಿನ ತಿಂಗಳಿನಿಂದ ಆ ಮೊತ್ತ ಕಳೆದು ರಸೀದಿ ಕೊಟ್ಟರು, ಮರುಮಾತಾಡಲಿಲ್ಲ.