ಹಳೆ ಟಿ480ಕ್ಕೆ ಹೊಸ ಬ್ಯಾಟರಿಯೋ, ಹೊಸ ಲ್ಯಾಪ್‌ಟಾಪೋ: ವೇಗ, ಬ್ಯಾಟರಿ ಎರಡರ ಲೆಕ್ಕ

ಕೈಯಲ್ಲಿ ಐ5-8250ಯು ಚಿಪ್‌ನ ಥಿಂಕ್‌ಪ್ಯಾಡ್ ಟಿ480 ಇದೆ, ಚಾರ್ಜ್ ಎರಡು ಗಂಟೆಗೇ ಮುಗಿಯುತ್ತಿದೆ ಎಂದುಕೊಳ್ಳಿ. ಎದುರಿಗಿರುವುದು ಮೂರು ದಾರಿ. ಅದಕ್ಕೇ ಹೊಸ ಬ್ಯಾಟರಿ ಮತ್ತು ರ‍್ಯಾಮ್ ಹಾಕಿಸುವುದು ಒಂದು. ಐ5-13420ಎಚ್‌ನಂಥ 45 ವ್ಯಾಟ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಇನ್ನೊಂದು. 2025ರ ಎಂ4 ಮ್ಯಾಕ್‌ಬುಕ್ ಏರ್ ಮೂರನೆಯದು. ಮೂರನ್ನೂ ಒಂದೇ ಬಗೆಯ ಕೆಲಸಕ್ಕೆ ಹಚ್ಚಿ ನೋಡಿದರೆ ಪೆಟ್ಟಿಗೆಯ ಮೇಲಿನ ಗಿಗಾಹರ್ಟ್ಸ್‌ಗಿಂತ ಸರಾಸರಿ ವ್ಯಾಟ್ ಹೆಚ್ಚು ನಿಜ ಹೇಳುತ್ತದೆ.

ಲೆಕ್ಕ ಸುಲಭ: ಬ್ಯಾಟರಿಯ ವ್ಯಾಟ್-ಅವರ್ (ಅದು ಹಿಡಿದಿಡುವ ಶಕ್ತಿಯ ಅಳತೆ) ಅನ್ನು ಸರಾಸರಿ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಬರುತ್ತದೆ. ಪರದೆಯ ಬೆಳಕು ಅರ್ಧಕ್ಕಿಟ್ಟು, ವೈಫೈ ಆನ್ ಮಾಡಿ, ನಿಮ್ಮ ದಿನನಿತ್ಯದ ಕೆಲಸವನ್ನೇ ಮಾಡಿ. 50 ವ್ಯಾಟ್-ಅವರ್ ಬ್ಯಾಟರಿ 100ರಿಂದ 40 ಶೇಕಡಾಕ್ಕೆ ಇಳಿಯಲು ಎರಡೂವರೆ ಗಂಟೆ ಹಿಡಿದರೆ, ಖರ್ಚಾದದ್ದು 30 ವ್ಯಾಟ್-ಅವರ್, ಸರಾಸರಿ 12 ವ್ಯಾಟ್. ಪೂರ್ತಿ ಚಾರ್ಜ್‌ಗೆ ನಾಲ್ಕು ಗಂಟೆ ಹತ್ತು ನಿಮಿಷ. ಅಂಗಡಿಯವರು ಹೇಳುವ ಗಂಟೆಗಳಿಗಿಂತ ಈ ಅಂಕಿಯನ್ನು ನಂಬಬಹುದು.

ಮೊದಲು ಟಿ480. ಇದರಲ್ಲಿ ಎರಡು ಬ್ಯಾಟರಿ: ಒಳಗೆ 24 ವ್ಯಾಟ್-ಅವರ್‌ನದು, ಹಿಂಬದಿಯಲ್ಲಿ ಕೈಯಲ್ಲೇ ಕಳಚಬಹುದಾದದ್ದು. ಹಿಂಬದಿಗೆ 72 ವ್ಯಾಟ್-ಅವರ್‌ನದು ಹಾಕಿದರೆ ಒಟ್ಟು 96. ಬರವಣಿಗೆ, ಬ್ರೌಸಿಂಗ್‌ನಲ್ಲಿ ಸರಾಸರಿ 8 ವ್ಯಾಟ್ ಎಳೆದರೂ 12 ಗಂಟೆ ಸಿಗುತ್ತದೆ. ಯಂತ್ರ ಮೊದಲು ಹಿಂಬದಿಯದನ್ನು ಖಾಲಿ ಮಾಡಿ ಆಮೇಲೆ ಒಳಗಿನದಕ್ಕೆ ಕೈಹಾಕುತ್ತದೆ. ಹಾಗಾಗಿ ಆಫ್ ಮಾಡದೆಯೇ ಹಿಂಬದಿಯ ಬ್ಯಾಟರಿ ಬದಲಿಸಬಹುದು. ಈ ಅನುಕೂಲ ಹೊಸ ಎರಡು ಯಂತ್ರಗಳಲ್ಲೂ ಇಲ್ಲ, ಇಲ್ಲದ್ದು ನಿಜಕ್ಕೂ ನಷ್ಟವೇ.

ಹಣ ಹಾಕುವ ಮೊದಲು ಯಾವ ಬ್ಯಾಟರಿ ಸತ್ತಿದೆ ಎಂದು ತಿಳಿಯಿರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡಿನಿಂದ (powercfg /batteryreport) ಬ್ಯಾಟರಿ ರಿಪೋರ್ಟ್ ತೆಗೆದರೆ ಎರಡೂ ಬ್ಯಾಟರಿಗಳ ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನ ಸಾಮರ್ಥ್ಯ), ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗಿನ ಸಾಮರ್ಥ್ಯ) ಅಕ್ಕಪಕ್ಕದಲ್ಲೇ ಕಾಣುತ್ತವೆ. 24,000 ಮಿಲಿವ್ಯಾಟ್-ಅವರ್ ಆಸುಪಾಸು ಇರಬೇಕಾದದ್ದು 11,000 ಇದ್ದರೆ ಅದರ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ಹೋಗಿದೆ. ಬೇರೆ ಕಂಪನಿಯ ಅಗ್ಗದ ಬ್ಯಾಟರಿ ಕೊಂಡರೂ ಒಂದು ಸಲ ಪೂರ್ತಿ ಚಾರ್ಜ್ ಮಾಡಿ, ಇಳಿಸಿ, ಮತ್ತೆ ಇದೇ ರಿಪೋರ್ಟ್ ನೋಡಿ. ಲೇಬಲ್ ಮೇಲಿನ ಅಂಕಿಗೂ ಇದಕ್ಕೂ ತುಂಬಾ ಅಂತರವಿದ್ದರೆ ವಾಪಸ್ ಕೊಡುವ ಅವಧಿಯೊಳಗೇ ಕೊಟ್ಟುಬಿಡಿ.

ತಳ ಬಿಚ್ಚುವ ಮುನ್ನ ಬಯಾಸ್‌ನ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಪವರ್ ವಿಭಾಗದಲ್ಲಿ ಒಳಬ್ಯಾಟರಿಯನ್ನು ಡಿಸೇಬಲ್ ಮಾಡಬೇಕು. ಮಾಡದಿದ್ದರೆ ಬೋರ್ಡಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ರ‍್ಯಾಮ್ ಎಳೆಯುವಾಗ ಶಾರ್ಟ್ ಆದರೆ ಬೋರ್ಡೇ ಹೋದೀತು. ತಳದ ಸ್ಕ್ರೂಗಳು ಸಡಿಲವಾಗುತ್ತವೆ, ಹೊರಗೆ ಬರುವುದಿಲ್ಲ. ಹೊರಗೆ ಎಳೆಯಲು ಹೋಗಬೇಡಿ. ರ‍್ಯಾಮ್ ಒಂದೇ 16 ಜಿಬಿಯದ್ದಕ್ಕಿಂತ 8ರ ಎರಡು ಡಿಡಿಆರ್4 ಹಾಕುವುದು ಮೇಲು: ಡ್ಯುಯಲ್ ಚಾನೆಲ್ (ಎರಡೂ ಒಟ್ಟಿಗೆ ಕೆಲಸ ಮಾಡುವುದು) ಆಗುತ್ತದೆ, ಗ್ರಾಫಿಕ್ಸ್ ಚುರುಕಾಗುತ್ತದೆ. ಥಂಡರ್‌ಬೋಲ್ಟ್ ಫರ್ಮ್‌ವೇರ್ (ಆ ಪೋರ್ಟನ್ನು ನಡೆಸುವ ಒಳ ತಂತ್ರಾಂಶ) ಅಪ್‌ಡೇಟ್ ಆಗಿರದಿದ್ದರೆ ಯುಎಸ್‌ಬಿ-ಸಿ ಪೋರ್ಟ್ ಕೈಕೊಡುವ ಸಂಭವ ಈ ಮಾದರಿಯಲ್ಲಿದೆ, ಮೊದಲ ದಿನವೇ ಹಾಕಿಕೊಳ್ಳಿ.

ಆದರೆ ಚಿಪ್ ಬದಲಾಗುವುದಿಲ್ಲ. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸುವ ಕೆಲಸದ ಸಾಲು) ಅಷ್ಟೇ. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನದನ್ನು ಒಪ್ಪುವುದರಿಂದ ಇದು ಗಡಿಯ ಮೇಲೆ ಪಾಸಾಗಿದೆ. ಹಿಂದಿನ ಟಿ470ಗೆ ಆ ಅದೃಷ್ಟವಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಟಿ470ಗೆ ದುಡ್ಡು ಸುರಿಯುವುದು ಬೇಡ.

ಐ5-13420ಎಚ್‌ನಲ್ಲಿ ಎಂಟು ಕೋರ್, ಹನ್ನೆರಡು ಥ್ರೆಡ್. ವಿಡಿಯೋ ಎನ್‌ಕೋಡ್, ದೊಡ್ಡ ಕೋಡ್ ಕಂಪೈಲ್ ಎರಡರಲ್ಲೂ ಹಳೆಯದು ಇದರ ಹತ್ತಿರವೂ ಸುಳಿಯದು. ಆ ವೇಗ ಚಾರ್ಜರ್ ಚುಚ್ಚಿದಾಗಿನದು. ಚಾರ್ಜರ್ ಕಿತ್ತರೆ ಬಹುತೇಕ ಯಂತ್ರಗಳು ವ್ಯಾಟ್ ಇಳಿಸಿಬಿಡುತ್ತವೆ. ಇಳಿಸದಿದ್ದರೆ 50 ವ್ಯಾಟ್-ಅವರ್ ಬ್ಯಾಟರಿ ಸುಮಾರು ಒಂದು ಗಂಟೆಗೇ ಖಾಲಿ. ಕೊಳ್ಳುವ ಮುನ್ನ ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶವನ್ನು ಹತ್ತು ನಿಮಿಷ ಎಡೆಬಿಡದೆ ಓಡಿಸಿ, ಒಮ್ಮೆ ಚಾರ್ಜರ್‌ನಲ್ಲಿ, ಒಮ್ಮೆ ಬ್ಯಾಟರಿಯಲ್ಲಿ. ಮೊದಲ ಅರ್ಧ ನಿಮಿಷದ ಅಂಕಿ ಬಿಡಿ, ಆಗ ಟರ್ಬೋ, ಅಂದರೆ ತಾತ್ಕಾಲಿಕ ಹೆಚ್ಚುವರಿ ವೇಗ, ಇರುತ್ತದೆ. ಕೊನೆಯ ಅಂಕಿಯೇ ನಿಮ್ಮ ನಿಜವಾದ ವೇಗ. ಮೇಜಿನ ಮೇಲೇ ಇರುವ ಕೆಲಸಕ್ಕೆ ಇದನ್ನು ಧಾರಾಳವಾಗಿ ಕೊಳ್ಳಬಹುದು. ಬಸ್ಸು, ರೈಲಿನಲ್ಲಿ ಓಡಾಡುವವರಿಗೆ ಬೇಡ.

13 ಇಂಚಿನ ಎಂ4 ಏರ್‌ನ ಬ್ಯಾಟರಿ 53.8 ವ್ಯಾಟ್-ಅವರ್ ಮಾತ್ರ. ಹಗುರ ಕೆಲಸಕ್ಕೆ 5 ವ್ಯಾಟ್ ಸಾಕಾದರೆ ಹತ್ತೂಮುಕ್ಕಾಲು ಗಂಟೆ. ಚಾರ್ಜರ್ ಕಿತ್ತರೂ ವೇಗ ಕುಗ್ಗುವುದಿಲ್ಲ ಎಂಬುದೇ ಇದರ ದೊಡ್ಡ ಬಲ. ಫ್ಯಾನ್ ಇಲ್ಲದ್ದರಿಂದ ಎನ್‌ಕೋಡ್ ಕೆಲವು ನಿಮಿಷ ದಾಟಿದರೆ ಬಿಸಿಯಾಗಿ ನಿಧಾನವಾಗುತ್ತದೆ. ರ‍್ಯಾಮ್ ಆಮೇಲೆ ಸೇರಿಸಲಾಗದು, ಬೇಕಾದಷ್ಟನ್ನು ಮೊದಲೇ ಆರಿಸಬೇಕು. ಭಾರತದಲ್ಲಿ ಬಿಡುಗಡೆಯಾದಾಗ 16 ಜಿಬಿ ಮಾದರಿಯ ಬೆಲೆ 99,900 ರೂಪಾಯಿ ಇತ್ತು.

ಕನ್ನಡದ ಕೆಲಸ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ನುಡಿ ಫಾಂಟಿನ ಹಳೆ ಕಡತ, ಪೇಜ್‌ಮೇಕರ್ ಪುಟ ಇವೆಲ್ಲ ವಿಂಡೋಸ್‌ನ ಲೋಕ. ಯೂನಿಕೋಡ್‌ನಲ್ಲೇ ಬರೆಯುವವರಿಗೆ ಮ್ಯಾಕ್‌ನಲ್ಲಿ ತೊಂದರೆಯಿಲ್ಲ. ಡಿಟಿಪಿಯವರಿಗೆ ಬ್ಯಾಟರಿ ಬದಲಿಸಿದ ಟಿ480 ಸಾಕು, ಚೆನ್ನಾಗಿಯೇ ಸಾಕು.

ಹೊಸ ವಿಂಡೋಸ್ ಯಂತ್ರ ತಂದರೆ ಮುಚ್ಚಳ ಮುಚ್ಚಿದಾಗ ಸ್ಲೀಪ್ ಆಗುವುದನ್ನು ಬದಲಿಸಿ ಹೈಬರ್ನೇಟ್‌ಗೆ (ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಪೂರ್ತಿ ಆಫ್ ಆಗುವುದು) ಇಡಿ. ಸ್ಲೀಪ್‌ನಲ್ಲೂ ಅದು ಇಂಟರ್‌ನೆಟ್‌ಗೆ ತಡಕಾಡುತ್ತಾ, ಬ್ಯಾಗಿನೊಳಗೇ ಬಿಸಿಯಾಗಿ, ಬೆಳಿಗ್ಗೆ ತೆರೆಯುವಷ್ಟರಲ್ಲಿ ಚಾರ್ಜ್ ತಿಂದು ಹಾಕಿರುತ್ತದೆ.