‘ಫ್ರೀಯಾಗಿ ಹಾಡು ಹಾಕಿಕೊಡ್ತೀವಿ’ ಅನ್ನುವವರಿಗೆ ಸಹಿ ಹಾಕುವ ಮೊದಲು

ಭಜನಾ ಮಂಡಳಿಯವರು, ಜಾನಪದ ತಂಡದವರು, ಸುಗಮ ಸಂಗೀತದ ಗೆಳೆಯರು ಇದನ್ನು ಪೂರ್ತಿ ಓದಿ. ಸ್ವಂತ ಹಾಡು ರೆಕಾರ್ಡ್ ಮಾಡಿ ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ಗೆ ಹಾಕುವ ಯೋಚನೆ ಇದ್ದರಂತೂ ಓದಲೇಬೇಕು.

ನಮ್ಮದು ಹಾವೇರಿ ಕಡೆಯ ಸಣ್ಣ ತಂಡ. ಶಿಶುನಾಳ ಷರೀಫರ ತತ್ವಪದ ಹಾಡುತ್ತೇವೆ. ಎಲ್ಲರೂ ಕೈಯಿಂದ ದುಡ್ಡು ಹಾಕಿ ಹುಬ್ಬಳ್ಳಿಯ ಸ್ಟುಡಿಯೋ ಒಂದರಲ್ಲಿ ಆಲ್ಬಂ ಮಾಡಿದೆವು. ಸಾಹಿತ್ಯದ ಹಕ್ಕಿನ ತಕರಾರು ಇರಲಿಲ್ಲ. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ, ಷರೀಫರು ತೀರಿಕೊಂಡದ್ದು 1889ರಲ್ಲಿ. (ಬೇಂದ್ರೆ, ಕುವೆಂಪು ಅವರ ಕವನ ಹಾಡುವವರು ಈ ಲೆಕ್ಕ ಹಿಡಿಯಬೇಡಿ. ಅವುಗಳ ಹಕ್ಕು ಇನ್ನೂ ಇದೆ, ಒಪ್ಪಿಗೆ ಬೇಕು.) ಇನ್ನು ರೆಕಾರ್ಡಿಂಗ್ ಹಕ್ಕು. ಅದನ್ನು ಮಾಡಿಸುವ ಜವಾಬ್ದಾರಿ ಹೊತ್ತವರೇ ಕಾಯ್ದೆಯ ಪ್ರಕಾರ ನಿರ್ಮಾಪಕರು, ಅಂದರೆ ನಾವೇ. ಸ್ಟುಡಿಯೋ ರಸೀದಿ ಇಟ್ಟುಕೊಂಡಿದ್ದೆವು. ಮುಂದೆ ಆ ರಸೀದಿಯೇ ನಮ್ಮ ಕೈ ಹಿಡಿಯಿತು.

ಸ್ಪಾಟಿಫೈಯಂಥ ಕಡೆ ಹಾಡುವವರು ನೇರವಾಗಿ ಹಾಡು ಏರಿಸುವ ಹಾಗಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್ ಒಬ್ಬರು ಬೇಕು. ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುವವರು ಇದ್ದಾರೆ, ಶುಲ್ಕ ಬಿಟ್ಟು ಬಂದ ಹಣದಲ್ಲಿ ಪಾಲು ಕೇಳುವವರೂ ಇದ್ದಾರೆ. ಇದರಲ್ಲಿ ತಪ್ಪೇನಿಲ್ಲ. ತೊಂದರೆ ಇರುವುದು ಮೂರನೇ ಬಗೆಯವರಲ್ಲಿ. ಇನ್‌ಸ್ಟಾಗ್ರಾಂನಲ್ಲಿ ತಾವಾಗಿಯೇ ಮೆಸೇಜ್ ಮಾಡುತ್ತಾರೆ. ‘ಸರ್, ನಿಮ್ಮ ವಾಯ್ಸ್ ಸೂಪರ್, ಒಂದು ರೂಪಾಯಿ ಬೇಡ, ಎಲ್ಲಾ ಆ್ಯಪ್‌ಗಳಲ್ಲೂ ಹಾಕಿಸ್ತೀವಿ’ ಅನ್ನುತ್ತಾರೆ. ಹಾಗೆ ಬಂದವರೇ ನಮಗೂ ಸಿಕ್ಕರು.

ಒಪ್ಪಂದ ಇಂಗ್ಲಿಷ್‌ನಲ್ಲಿತ್ತು. ಕುಳಿತು ಓದಿದೆವು. ‘ಎಕ್ಸ್‌ಕ್ಲೂಸಿವ್’, ‘ಪರ್ಪೆಚುವಲ್’ ಅನ್ನುವ ಪದಗಳು ಕಂಡವು, ಅಂದರೆ ಹಕ್ಕು ಅವರೊಬ್ಬರಿಗೇ, ಅದೂ ಶಾಶ್ವತವಾಗಿ. ಫೋನ್ ಮಾಡಿ ಕೇಳಿದೆವು. ‘ಅಯ್ಯೋ, ಅದು ಎಲ್ಲರಿಗೂ ಒಂದೇ ಫಾರ್ಮ್ಯಾಟ್ ಸರ್. ಯಾವಾಗ ಬೇಕಾದ್ರೂ ತೆಗೆಸಬಹುದು’ ಅಂದರು. ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಅಂದೆವು. ‘ಖಂಡಿತ ಸರ್’ ಅಂದರು, ಆ ಮೇಲ್ ಇವತ್ತಿನವರೆಗೂ ಬಂದಿಲ್ಲ. ಜಾತ್ರೆಯ ಮೊದಲು ಆಲ್ಬಂ ಬರಬೇಕು ಅಂತ ತಂಡದಲ್ಲಿ ಅವಸರ, ಸಹಿ ಆಯಿತು.

ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ನಮ್ಮಂಥವರ ಪರವಾಗಿಯೇ ಇದೆ. ಹಕ್ಕು ಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಮಾತ್ರ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಆದರೆ ಇದು ಅವರ ವಕೀಲರಿಗೂ ಗೊತ್ತಲ್ವಾ? ಅದಕ್ಕೇ ‘ಶಾಶ್ವತವಾಗಿ, ಇಡೀ ಜಗತ್ತಿಗೆ’ ಅಂತ ಮೊದಲೇ ತುಂಬಿಸಿಟ್ಟಿರುತ್ತಾರೆ. ಅವಧಿಯ ಜಾಗದಲ್ಲಿ ವರ್ಷದ ಲೆಕ್ಕ ಕಾಣದಿದ್ದರೆ ಮುಂದಿನ ಪುಟ ತಿರುಗಿಸುವುದೇ ಬೇಡ.

ಹಾಡುಗಳು ಬಂದವು. ಊರಲ್ಲಿ ಎಲ್ಲರಿಗೂ ಖುಷಿ. ನಮ್ಮ ಮುಖ್ಯ ಗಾಯಕರ ಹಾಡುಗಳು ಅದೇ ಹೆಸರಿನ ಯಾರೋ ಬೇರೆ ಗಾಯಕರ ಪುಟಕ್ಕೆ ಹೋಗಿ ಸೇರಿದ್ದವು. ಅದನ್ನು ಸರಿ ಮಾಡಿಸುವುದೇ ಒಂದು ರಾಮಾಯಣ, ಇರಲಿ ಬಿಡಿ.

ನಿಜವಾದ ಹೊಡೆತ ಬಿದ್ದದ್ದು ಯೂಟ್ಯೂಬ್‌ನಲ್ಲಿ. ಜಾತ್ರೆಯಲ್ಲಿ ನಾವು ಆಲ್ಬಂ ಬಿಡುಗಡೆ ಮಾಡಿದ ಕಾರ್ಯಕ್ರಮದ ವಿಡಿಯೊವನ್ನು ನಮ್ಮದೇ ಚಾನೆಲ್‌ಗೆ ಹಾಕಿದೆವು. ಕೆಲವೇ ನಿಮಿಷದಲ್ಲಿ ಕಾಪಿರೈಟ್ ಕ್ಲೇಮ್, ಅಂದರೆ ‘ಇದರ ಹಕ್ಕು ನಮ್ಮದು’ ಅನ್ನುವ ತಕರಾರು, ಬಂತು. ಕ್ಲೇಮ್ ಮಾಡಿದವರು ನಮ್ಮಿಂದ ಸಹಿ ಹಾಕಿಸಿಕೊಂಡ ಆ ಕಂಪನಿಯವರೇ. ನಮ್ಮ ಹಾಡು, ನಮ್ಮ ಚಾನೆಲ್, ಜಾಹೀರಾತಿನ ಹಣ ಮಾತ್ರ ಅವರಿಗೆ.

ಇದು ನಡೆಯುವ ರೀತಿ ಹೇಳುತ್ತೇನೆ. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಅಂತ ಒಂದು ವ್ಯವಸ್ಥೆ ಇದೆ. ಹಾಡಿನ ಗುರುತನ್ನು ಒಮ್ಮೆ ಅದಕ್ಕೆ ಕೊಟ್ಟರೆ, ಯಾರೇ ವಿಡಿಯೊ ಹಾಕಲಿ, ಅದು ಹೋಲಿಸಿ ನೋಡುತ್ತದೆ. ಹೊಂದಿಕೆಯಾದರೆ ಕ್ಲೇಮ್. ಈ ವ್ಯವಸ್ಥೆಯನ್ನು ನಮ್ಮಂಥ ಸಣ್ಣವರಿಗೆ ನೇರವಾಗಿ ಕೊಡುವುದಿಲ್ಲ, ಡಿಸ್ಟ್ರಿಬ್ಯೂಟರ್ ಮೂಲಕವೇ ಹೋಗಬೇಕು. ಒಳ್ಳೆಯ ಡಿಸ್ಟ್ರಿಬ್ಯೂಟರ್ ‘ಸೇರಿಸಲಾ, ಬೇಡವಾ’ ಅಂತ ಕೇಳುತ್ತಾರೆ. ಸೇರಿಸಿದರೆ ನಿಮ್ಮ ಚಾನೆಲ್‌ಗೆ ವಿನಾಯಿತಿಯನ್ನೂ ಕೊಡುತ್ತಾರೆ. ಇವರು ಕೇಳಲೂ ಇಲ್ಲ, ವಿನಾಯಿತಿ ಕೊಡಿ ಅಂತ ಬರೆದರೆ ಉತ್ತರವೂ ಇಲ್ಲ.

ಇಷ್ಟೇ ಆಗಿದ್ದರೆ ನಾವು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆವೋ ಏನೋ. ಆಮೇಲೆ ಗದಗ ಕಡೆಯ ಹಿರಿಯ ಭಜನೆ ಗಾಯಕರೊಬ್ಬರು ಫೋನ್ ಮಾಡಿ ಬೈದರು. ಅವರ ಹಳೆಯ ವಿಡಿಯೊ ಮೇಲೆ ನಮ್ಮ ಹಾಡಿನ ಹೆಸರಲ್ಲಿ ಕ್ಲೇಮ್ ಬಂದಿತ್ತು. ಅವರು ಹಾಡಿದ್ದು ಬೇರೆ ಪದ, ಬೇರೆ ರಾಗ. ತಲೆ ಕೆರೆದುಕೊಂಡು ಎರಡನ್ನೂ ಕೇಳಿದಾಗ ಗುಟ್ಟು ಸಿಕ್ಕಿತು. ಹಾಡಿನ ಶುರುವಿಗೆ ನಮ್ಮ ಸ್ಟುಡಿಯೋದವರು ಒಂದು ರೆಡಿಮೇಡ್ ಕೊಳಲಿನ ತುಣುಕು ಹಾಕಿದ್ದರು. ಇಂಥ ಲೂಪ್‌ಗಳನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಬಳಸಬಹುದು. ಆ ಹಿರಿಯರ ಸ್ಟುಡಿಯೋದವರೂ ಅದನ್ನೇ ಬಳಸಿದ್ದರು. ಎಲ್ಲರಿಗೂ ಸಿಗುವ ಇಂಥ ಲೂಪ್ ಇರುವ ಭಾಗವನ್ನು ಕಂಟೆಂಟ್ ಐಡಿಗೆ ಕೊಡುವಂತಿಲ್ಲ ಅನ್ನುವುದು ಯೂಟ್ಯೂಬ್‌ನದೇ ನಿಯಮ. ಕಂಪನಿ ಅದನ್ನೂ ‘ನಮ್ಮ ಸ್ವಂತದ್ದು’ ಅಂತ ಕೊಟ್ಟುಬಿಟ್ಟಿತ್ತು. ಅವರ ಅನ್ನಕ್ಕೆ ಕೈ ಹಾಕಿದ್ದು ಕಂಪನಿ, ಬೈಸಿಕೊಂಡಿದ್ದು ನಾವು. ಆಲ್ಬಂ ಮಾಡುವವರು ಲೂಪ್ ಎಲ್ಲೆಲ್ಲಿ ಹಾಕಿದ್ದೀರಿ ಅಂತ ಸ್ಟುಡಿಯೋದವರಿಂದ ಬರೆಸಿಕೊಳ್ಳಿ.

ಕ್ಲೇಮ್ ಬಂದರೆ ಹೆದರಿ ವಿಡಿಯೊ ಅಳಿಸಬೇಡಿ. ಕ್ಲೇಮ್ ಬೇರೆ, ಸ್ಟ್ರೈಕ್ (ಯೂಟ್ಯೂಬ್ ಚಾನೆಲ್‌ಗೆ ಕೊಡುವ ಎಚ್ಚರಿಕೆ) ಬೇರೆ. ಬರೀ ಕ್ಲೇಮ್‌ನಿಂದ ಚಾನೆಲ್ ಹೋಗುವುದಿಲ್ಲ. ಡಿಸ್ಪ್ಯೂಟ್ ಹಾಕಿ. ಐದು ದಿನದ ಒಳಗೆ ಈ ಆಕ್ಷೇಪಣೆ ಹಾಕಿದರೆ ಕ್ಲೇಮ್ ಬಂದ ದಿನದಿಂದ ಹಣ ಯಾರಿಗೂ ಹೋಗದೆ ನಿಂತಿರುತ್ತದೆ. ಆ ಕಡೆಯವರು 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ಅವರು ಒಪ್ಪದಿದ್ದರೆ ಅಪೀಲ್ ಇದೆ. ಡಿಸ್ಪ್ಯೂಟ್ ಆಗಲಿ ಅಪೀಲ್ ಆಗಲಿ, ಹಾಕುವ ಮುನ್ನ ದಾಖಲೆ ಗಟ್ಟಿ ಇದೆಯಾ ನೋಡಿಕೊಳ್ಳಿ. ಎರಡೂ ಹಂತದಲ್ಲಿ ಅವರು ವಿಡಿಯೊ ತೆಗೆಸಲು ಅರ್ಜಿ ಹಾಕಬಹುದು, ಆಗ ಸ್ಟ್ರೈಕ್ ಬೀಳಬಹುದು. 90 ದಿನದ ಒಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು.

ಹಣದ ವಿಷಯ ಕೇಳ್ತೀರಾ? ಬಂದಿಲ್ಲ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ರಾಯಲ್ಟಿ ಇಲ್ಲ. ತತ್ವಪದಕ್ಕೆ ಅಷ್ಟು ಕೇಳುಗರು ಸಿಗುವುದು ಕಷ್ಟ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಉಳಿದ ಕಡೆ ಬಂದ ಚಿಲ್ಲರೆಯೂ ‘ಕನಿಷ್ಠ ಮೊತ್ತ ತಲುಪಿಲ್ಲ’ ಅಂತ ಅವರಲ್ಲೇ ಕೊಳೆಯುತ್ತಿತ್ತು. ಎಷ್ಟು ಮೊತ್ತವಾದರೆ ಕೈಗೆ ಕೊಡುತ್ತಾರೆ, ಒಪ್ಪಂದ ಮುಗಿದಾಗ ಅದಕ್ಕಿಂತ ಕಡಿಮೆ ಇದ್ದರೆ ಆ ಹಣ ಯಾರದ್ದು ಅನ್ನುವುದನ್ನು ಮೊದಲೇ ಕೇಳಿ.

ಬಿಡಿಸಿಕೊಂಡ ಕತೆ ಚಿಕ್ಕದು. ಧಾರವಾಡದ ವಕೀಲರೊಬ್ಬರು ನಮ್ಮ ಹಾಡು ಕೇಳುವವರು. ಸ್ಟುಡಿಯೋ ರಸೀದಿ ಲಗತ್ತಿಸಿ ಅವರು ನೋಟಿಸ್ ಕೊಟ್ಟರು. ನೋಟಿಸ್‌ನಲ್ಲಿ ಕೆಲಸ ಮಾಡಿದ್ದು ಆ ಕೊಳಲಿನ ಲೂಪ್. ಸ್ವಂತದ್ದಲ್ಲದ್ದನ್ನು ಸ್ವಂತದ್ದು ಅಂತ ಕೊಟ್ಟಿದ್ದೀರಿ, ಇದನ್ನು ಯೂಟ್ಯೂಬ್‌ಗೆ ದೂರು ಕೊಡುತ್ತೇವೆ ಅಂದಾಗ ಕಂಪನಿ ಬಗ್ಗಿತು. ಆಲ್ಬಂ ಬಿಟ್ಟುಕೊಟ್ಟರು, ಹಣ ಕೊಡಲಿಲ್ಲ.

ಬೇರೆ ಡಿಸ್ಟ್ರಿಬ್ಯೂಟರ್ ಹತ್ತಿರ ಹೋಗುವಾಗ ಐಎಸ್‌ಆರ್‌ಸಿ ಸಂಖ್ಯೆ ಮರೆಯಬೇಡಿ. 12 ಅಕ್ಷರ ಮತ್ತು ಅಂಕಿಗಳ ಈ ಕೋಡ್ ಪ್ರತಿ ರೆಕಾರ್ಡಿಂಗ್‌ಗೂ ಆಧಾರ್ ನಂಬರ್ ಇದ್ದ ಹಾಗೆ. ಅದೇ ಕೋಡ್, ಅದೇ ಆಡಿಯೊ, ಅದೇ ಹೆಸರು ಕೊಟ್ಟು ಹೊಸ ಕಡೆಯಿಂದ ಏರಿಸಿದರೆ ಹಳೆಯ ಕೇಳುಗರ ಲೆಕ್ಕ ಸಾಮಾನ್ಯವಾಗಿ ಉಳಿಯುತ್ತದೆ. ಹೊಸದು ಕಾಣಿಸಿಕೊಂಡ ಮೇಲೇ ಹಳೆಯದನ್ನು ತೆಗೆಸಬೇಕು. ಕಂಪನಿಯವರು ನಮಗೆ ಕೋಡ್ ಕೊಡಲು ಸತಾಯಿಸಿದರು. ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಫ್‌ಪಿಐನ ಐಎಸ್‌ಆರ್‌ಸಿ ಹುಡುಕಾಟದ ಪುಟದಲ್ಲಿ ಹಾಡಿನ ಹೆಸರು ಹಾಕಿದರೆ ಸಾಕು, ಅಲ್ಲೇ ಸಿಕ್ಕಿತು.

ಈಗ ಆಲ್ಬಂ ವರ್ಷಕ್ಕೆ ಶುಲ್ಕ ಕೇಳುವವರ ಹತ್ತಿರ ಇದೆ. ಶುಲ್ಕ ನಿಲ್ಲಿಸಿದರೆ ಹಾಡು ಮಾಯವಾಗುತ್ತದೆ, ಅದು ಗೊತ್ತಿದ್ದೇ ಒಪ್ಪಿದ್ದು. ಕಂಟೆಂಟ್ ಐಡಿ ಬೇಡ ಅಂದಿದ್ದೇವೆ. ಮೂಲ ವೇವ್ ಫೈಲ್‌ಗಳು ತಂಡದ ಇಬ್ಬರ ಮನೆಯ ಹಾರ್ಡ್ ಡಿಸ್ಕ್‌ನಲ್ಲಿವೆ.

ಹಳೆಯ ಕೆಲವು ಕ್ಲೇಮ್‌ಗಳು ಇನ್ನೂ ಯಾರ ಯಾರದೋ ವಿಡಿಯೊ ಮೇಲೆ ಕೂತಿರಬಹುದು. ತತ್ವಪದವನ್ನೋ ಭಜನೆಯನ್ನೋ ನೀವೇ ಹಾಡಿದ ವಿಡಿಯೊಗೆ ಕಂಡು ಕೇಳರಿಯದ ಕಂಪನಿಯ ಕ್ಲೇಮ್ ಬಂದಿದ್ದರೆ, ಮೊದಲು ಅದು ಯಾವ ನಿಮಿಷದ ಯಾವ ತುಣುಕಿಗೆ ಬಂದಿದೆ ಅಂತ ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಿ. ಶುರುವಿನ ಕೊಳಲಿಗೋ ತಂಬೂರಿಗೋ ಬಂದಿದ್ದರೆ ಆ ಲೂಪ್ ಕೊಂಡ ಲೈಸೆನ್ಸನ್ನು ನಿಮ್ಮ ಸ್ಟುಡಿಯೋದವರಿಂದ ಪಡೆದು, ಅದರ ವಿವರ ಬರೆದು ಡಿಸ್ಪ್ಯೂಟ್ ಹಾಕಿ. ಗದಗದ ಆ ಹಿರಿಯರು ಮಾಡಿದ್ದೂ ಅದನ್ನೇ, ಅವರ ವಿಡಿಯೊ ಮೇಲೆ ಈಗ ಕ್ಲೇಮ್ ಇಲ್ಲ.