ಮೂವತ್ತೈದು ಸಾವಿರದ ಹೋಮ್ ಥಿಯೇಟರ್ ಪಿಸಿ: ಮೂರು ವರ್ಷದ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ನೀವು ನೋಡುವುದು ನೆಟ್‌ಫ್ಲಿಕ್ಸ್, ಪ್ರೈಮ್, ಯೂಟ್ಯೂಬ್ ಇಷ್ಟೇ ಆಗಿದ್ದರೆ ಹೋಮ್ ಥಿಯೇಟರ್ ಪಿಸಿಗೆ, ಅಂದರೆ ಸಿನಿಮಾ ನೋಡಲೆಂದು ಟಿವಿಗೆ ಜೋಡಿಸುವ ಕಂಪ್ಯೂಟರಿಗೆ, ದುಡ್ಡು ಹಾಕಬೇಡಿ. ಟಿವಿಯೊಳಗಿನ ಆ್ಯಪ್‌ಗೆ ಸಿಗುವ ಗುಣಮಟ್ಟದ ಚಿತ್ರ ಕಂಪ್ಯೂಟರಿನ ಬ್ರೌಸರ್‌ಗೆ ಸುಲಭವಾಗಿ ಸಿಗುವುದಿಲ್ಲ. ಲಿನಕ್ಸ್ ಹಾಕಿದ್ದರಂತೂ ಇನ್ನೂ ಕೆಳಗಿನ ದರ್ಜೆಯದು. ವಿಂಡೋಸ್‌ನಲ್ಲಿ ನೆಟ್‌ಫ್ಲಿಕ್ಸ್ 4ಕೆ ಬೇಕೆಂದರೆ ಎಡ್ಜ್ ಬ್ರೌಸರ್ ಅಥವಾ ಅವರದೇ ಆ್ಯಪ್ ಇರಬೇಕು, ಎಚ್‌ಇವಿಸಿ (ವಿಡಿಯೊವನ್ನು ಕುಗ್ಗಿಸಿಡುವ ಒಂದು ಪದ್ಧತಿ) ಎಕ್ಸ್‌ಟೆನ್ಷನ್ ಹಾಕಿರಬೇಕು, ಪರದೆಗೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ಇರಬೇಕು. ಟಿವಿ ರಿಮೋಟಿನ ಒಂದು ಗುಂಡಿಗೆ ಸಿಗುವ ವಸ್ತುವಿಗೆ ಇಷ್ಟು ಪಾಡು ಯಾಕೆ?

ಈ ಪಿಸಿ ಯಾರಿಗೆಂದರೆ, ಸ್ವಂತ ಸರಕು ಕೂಡಿಟ್ಟವರಿಗೆ. ನಮ್ಮ ಮನೆಯಲ್ಲಿ ಒಂದು ಬೀರುವಿನ ತುಂಬ ಡಿವಿಡಿ, ಬ್ಲೂರೇ, ಅಪ್ಪನ ಯಕ್ಷಗಾನದ ವಿಸಿಡಿಗಳು, ನೆಂಟರ ಮದುವೆಗಳ ವಿಡಿಯೊ, ತಾಳಮದ್ದಲೆಯ ಧ್ವನಿಮುದ್ರಣಗಳು ಇದ್ದವು. ಇವಕ್ಕೆ ಯಾವ ಒಟಿಟಿಯಲ್ಲೂ ಜಾಗವಿಲ್ಲ. ಎಲ್ಲವನ್ನೂ ಒಂದೇ ಕಡೆ ಇಟ್ಟು, ಪೋಸ್ಟರ್ ಸಮೇತ ಟಿವಿಯಲ್ಲಿ ತೋರಿಸಿ, ಬಿಟ್ಟ ಜಾಗದಿಂದಲೇ ಮತ್ತೆ ಓಡಿಸುವ ಕೆಲಸದಲ್ಲಿ ಈ ಪೆಟ್ಟಿಗೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ.

2023ರಲ್ಲಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡದ್ದು. ಇಂಟೆಲ್ ಕೋರ್ ಐ3-12100 ಹತ್ತೂವರೆ ಸಾವಿರದ ಆಸುಪಾಸು, ಎಚ್610 ಚಿಪ್‌ಸೆಟ್‌ನ ಬೋರ್ಡ್ ಏಳು ಸಾವಿರದೊಳಗೆ, 8 ಜಿಬಿ ಡಿಡಿಆರ್4 ರ‍್ಯಾಮ್ ಮತ್ತು 250 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ತಲಾ ಎರಡು ಸಾವಿರಕ್ಕೆ ತುಸು ಕಡಿಮೆ, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಒದಗಿಸುವ ಡಬ್ಬ) ಮೂರು ಸಾವಿರ, ಕ್ಯಾಬಿನೆಟ್ ಎರಡೂವರೆ ಸಾವಿರ, 4 ಟಿಬಿ ಹಾರ್ಡ್ ಡಿಸ್ಕ್ ಎಂಟೂವರೆ ಸಾವಿರ. ಶೇ 18 ಜಿಎಸ್‌ಟಿ ಇದರಲ್ಲೇ ಸೇರಿದೆ. “ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ಕೊಡ್ತೀನಿ ಸಾರ್” ಅನ್ನುವವರು ಸಿಗುತ್ತಾರೆ, ಅತ್ತ ತಿರುಗಲೇಬೇಡಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಬಿಲ್. ಇದೇ ಪಟ್ಟಿ ಇವತ್ತು ಇದೇ ಬೆಲೆಗೆ ಸಿಗುತ್ತದೆಂದು ಹೊರಡಬೇಡಿ; 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ.

ಐ3 ಯಾಕೆ, ಐ5 ಯಾಕಲ್ಲ ಎಂದು ಕೇಳುವವರು ಬಹಳ. ಸಿನಿಮಾ ಓಡಿಸುವ ಭಾರ ಪ್ರೊಸೆಸರ್‌ನ ಕೋರ್‌ಗಳ ಮೇಲೆ ಬೀಳುವುದೇ ಇಲ್ಲ. ಅದರ ಜೊತೆಗಿರುವ ಗ್ರಾಫಿಕ್ಸ್‌ನಲ್ಲಿ ವಿಡಿಯೊ ಬಿಚ್ಚುವುದಕ್ಕೆಂದೇ ಒಂದು ಡಿಕೋಡರ್ ಇರುತ್ತದೆ, ಕೆಲಸ ಮಾಡುವುದು ಅದು. 4ಕೆ ಬ್ಲೂರೇಗಳು ಬರುವುದು 10 ಬಿಟ್ ಎಚ್‌ಇವಿಸಿಯಲ್ಲಿ. ಅದನ್ನು ಇಂಟೆಲ್‌ನ ಏಳನೇ ತಲೆಮಾರಿನ ಗ್ರಾಫಿಕ್ಸ್ ಕೂಡ ಬಿಚ್ಚುತ್ತದೆ. ಯೂಟ್ಯೂಬ್ 4ಕೆ ಕೊಡುವುದು ವಿಪಿ9 ಅಥವಾ ಎವಿ1 ಎಂಬ ಬೇರೆ ಪದ್ಧತಿಗಳಲ್ಲಿ. ಎವಿ1 ಬೇಕೆಂದರೆ ಹತ್ತನೇ ತಲೆಮಾರಿನ ಐ3 ಸಾಲದು, ಹನ್ನೆರಡನೆಯದಕ್ಕೆ ಹೋಗಬೇಕು. ಅಷ್ಟು ಸಿಕ್ಕಿದ ಮೇಲೆ ಐ5ಗೆ ಹೆಚ್ಚು ಕೊಟ್ಟರೂ ಪರದೆಯ ಮೇಲೆ ಕಾಣುವ ಚಿತ್ರ ಅದೇ. ನಮ್ಮಲ್ಲಿ 4ಕೆ ಎಚ್‌ಡಿಆರ್ (ಬೆಳಕು, ನೆರಳಿನ ಹರವು ಹೆಚ್ಚಿರುವ) ಸಿನಿಮಾ ಓಡುವಾಗಲೂ ಪ್ರೊಸೆಸರ್ ಹೆಚ್ಚುಕಡಿಮೆ ತೂಕಡಿಸುತ್ತಿರುತ್ತದೆ.

ಅಂಗಡಿಯಲ್ಲಿ ಎರಡು ಕಡೆ ಎಚ್ಚರ ಬೇಕು. ಐ3-12100ಎಫ್ ಎಂಬುದು ಒಂದಷ್ಟು ಅಗ್ಗಕ್ಕೆ ಸಿಗುತ್ತದೆ. ಆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸೇ ಇಲ್ಲ; ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಇದ್ದೂ ಇಲ್ಲದಂತೆ. ಆಮೇಲೆ “ಒಂದು ಜಿಟಿ 710 ಕಾರ್ಡ್ ಹಾಕಿಸ್ಕೊಳ್ಳಿ, ಪಿಕ್ಚರ್ ಸೂಪರ್ ಬರುತ್ತೆ” ಎಂಬ ಸಲಹೆ ಬರುತ್ತದೆ. ಆ ಕಾರ್ಡಿಗೆ ಎಚ್‌ಇವಿಸಿ ಡಿಕೋಡರ್ ಇಲ್ಲ, ಅದರ ಎಚ್‌ಡಿಎಂಐ 1.4ರ ಕಾಲದ್ದು. ಐ3ಯೊಳಗೆ ಪುಕ್ಕಟೆ ಬಂದ ಗ್ರಾಫಿಕ್ಸ್ ಈ ಕೆಲಸಕ್ಕೆ ಅದಕ್ಕಿಂತ ಎಷ್ಟೋ ಮೇಲು.

ಬೋರ್ಡ್ ಕೊಳ್ಳುವಾಗ ನಾನು ನೋಡಿದ್ದು ಒಂದೇ ಒಂದು ಸಾಲು: ಎಚ್‌ಡಿಎಂಐ ಯಾವುದು? 1.4 ಆದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್‌ಗೇ ನಿಲ್ಲುತ್ತದೆ, 2.0 ಇದ್ದರೆ 60 ಬರುತ್ತದೆ. ಒಂದೇ ಚಿಪ್‌ಸೆಟ್‌ನ ಬೋರ್ಡುಗಳಲ್ಲೂ ಇದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆಯಾಗಬಹುದು. ಡಬ್ಬದ ಮೇಲೆ ‘4ಕೆ ಸಪೋರ್ಟ್’ ಎಂದಷ್ಟೇ ಇದ್ದರೆ ನಂಬಬೇಡಿ, ಕಂಪನಿಯ ಜಾಲತಾಣದಲ್ಲಿ ಪೂರ್ತಿ ವಿವರ ತೆಗೆದು ನೋಡಿ.

ದುಡ್ಡು ಉಳಿಸಲೇಬಾರದ ಜಾಗ ಎಸ್‌ಎಂಪಿಎಸ್. ಅಗ್ಗದ ಕ್ಯಾಬಿನೆಟ್ ಜೊತೆ ‘500 ವ್ಯಾಟ್’ ಎಂದು ಬರೆದ ಹಗುರ ಡಬ್ಬವೊಂದು ಬರುತ್ತದಲ್ಲ, ಅದನ್ನು ಕ್ಯಾಬಿನೆಟ್‌ನಿಂದ ಬಿಚ್ಚಿಸಿ ಅಂಗಡಿಯಲ್ಲೇ ಬಿಟ್ಟುಬಂದೆ. ಈ ಪಿಸಿ ಎಳೆಯುವ ಕರೆಂಟ್ ತೀರಾ ಕಡಿಮೆ, ಆ ಡಬ್ಬವೂ ನಡೆಸುತ್ತಿತ್ತೇನೋ. ಆದರೆ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿಯುವ ನಮ್ಮ ಕಡೆ, ಹಾರ್ಡ್ ಡಿಸ್ಕ್ ತುಂಬ ಇರುವ ಮದುವೆ ವಿಡಿಯೊಗಳನ್ನು ಅದರ ಭರವಸೆಗೆ ಬಿಡಲು ಮನಸ್ಸಾಗಲಿಲ್ಲ.

ಕಂಪ್ಯೂಟರ್ ವಿಮರ್ಶೆಗಳಲ್ಲಿ ಯಾರೂ ಸರಿಯಾಗಿ ಬರೆಯದ ವಿಷಯ ಸದ್ದು. ಆಫೀಸ್ ಟೇಬಲ್ ಕೆಳಗಿದ್ದಾಗ ಕೇಳಿಸದ ಪಿಸಿ, ರಾತ್ರಿ ಹತ್ತಕ್ಕೆ ಟಿವಿ ಪಕ್ಕ ಇಟ್ಟು ಮೆಲ್ಲನೆ ಮಾತಿನ ದೃಶ್ಯ ನೋಡುವಾಗ ಕೇಳಿಸುತ್ತದೆ. ಇಂಟೆಲ್ ಕೊಟ್ಟ ಫ್ಯಾನ್ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ವೇಗ ತಗ್ಗಿಸಿದ ಮೇಲೆ ತೊಂದರೆ ಕೊಡಲಿಲ್ಲ. ಕಾಟ ಕೊಟ್ಟದ್ದು ಹಾರ್ಡ್ ಡಿಸ್ಕ್. ಅದರ ತಿರುಗಾಟದ ಕಂಪನ ಕ್ಯಾಬಿನೆಟ್‌ಗೆ ಇಳಿದು, ಅಲ್ಲಿಂದ ಪ್ಲೈವುಡ್ಡಿನ ಟಿವಿ ಯೂನಿಟ್‌ಗೆ ಇಳಿದು, ಇಡೀ ಯೂನಿಟ್ ತಂಬೂರಿಯ ಬುರುಡೆಯ ಹಾಗೆ ಗುಂಯ್‌ಗುಡುತ್ತಿತ್ತು. ಡಿಸ್ಕ್ ಕೂರಿಸುವ ಸ್ಕ್ರೂಗಳಿಗೆ ರಬ್ಬರ್ ವಾಷರ್, ಕ್ಯಾಬಿನೆಟ್ ಕಾಲಿನಡಿ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ಮುಕ್ಕಾಲು ಪಾಲು ಅಡಗಿತು. ಸದ್ದು ಕೇಳಬಾರದೆಂದು ಯೂನಿಟ್‌ನ ಬಾಗಿಲು ಮುಚ್ಚಿದರೆ ಬಿಸಿ ಏರಿ ಫ್ಯಾನ್ ಜೋರಾಗುತ್ತದೆ, ಆ ಉಪಾಯ ಬೇಡ. ಬೆಂಗಳೂರಿನ ಧೂಳಿಗೆ ಆಗಾಗ ಒಣ ಪೇಂಟ್ ಬ್ರಷ್ ಸಾಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಕ್ಯಾಬಿನೆಟ್ ಒಳಗೆ ಸಂಸಾರ ಹೂಡುವ ಇರುವೆಗಳಿಗೆ ನನ್ನಲ್ಲಿ ಪರಿಹಾರವಿಲ್ಲ.

ಇನ್ನು ಧ್ವನಿ. ಹೊಸಬರು ಅತಿ ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮದು ಆಪ್ಟಿಕಲ್ ಕೇಬಲ್ ಮತ್ತು ಎಆರ್‌ಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿಯಿಂದ ಧ್ವನಿ ಹೊರಕಳಿಸುವ ದಾರಿ) ಮಾತ್ರ ಇರುವ ಬಜೆಟ್ 5.1 (ಆರು ಚಾನೆಲ್‌ನ) ಸೌಂಡ್‌ಬಾರ್. ಪಿಸಿಯಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಧ್ವನಿ ಸೌಂಡ್‌ಬಾರ್‌ಗೆ. ಈ ಎಆರ್‌ಸಿ ಮತ್ತು ಆಪ್ಟಿಕಲ್ ದಾರಿಯ ಮಿತಿ ಏನೆಂದರೆ, ಬಿಚ್ಚಿದ ಧ್ವನಿ ಹೋದರೆ ಎರಡೇ ಚಾನೆಲ್ ದಾಟುತ್ತದೆ. ಆರೂ ದಾಟಬೇಕೆಂದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಮೂಟೆ ಕಟ್ಟಿದಂತೆಯೇ ಹೋಗಬೇಕು. ಬ್ಲೂರೇಯ ಟ್ರೂಎಚ್‌ಡಿ ಎಂಬ ಮೇಲ್ದರ್ಜೆಯ ಧ್ವನಿ ಈ ದಾರಿಯಲ್ಲಿ ಹೋಗುವುದೇ ಇಲ್ಲ, ಅದಕ್ಕೆ ಎಆರ್‌ಸಿಯ ಮುಂದಿನ ರೂಪವಾದ ಇಎಆರ್‌ಸಿ ಬೇಕು ಅಥವಾ ಪಿಸಿಯನ್ನು ನೇರವಾಗಿ ಎವಿ ರಿಸೀವರ್‌ಗೆ ಜೋಡಿಸಬೇಕು. ಡಿಟಿಎಸ್ ಅರ್ಥವಾಗದ ಅಗ್ಗದ ಸೌಂಡ್‌ಬಾರ್‌ಗಳೂ ಇವೆ, ಡಿಟಿಎಸ್ ಅನ್ನು ಮುಂದಕ್ಕೆ ಬಿಡದ ಟಿವಿಗಳೂ ಇವೆ. ಫಲ: ಹೊಸ 5.1 ತಂದು ಜೋಡಿಸಿದವರ ಮನೆಯಲ್ಲಿ ಹಿಂದಿನ ಸ್ಪೀಕರ್ ಮೌನ, ಬೈಗುಳ ಪಿಸಿಗೆ.

ಇದಕ್ಕೆ ಕೋಡಿಯಲ್ಲಿ, ಅಂದರೆ ಸಿನಿಮಾ ಪಟ್ಟಿ ತೋರಿಸಿ ಓಡಿಸುವ ಉಚಿತ ತಂತ್ರಾಂಶದಲ್ಲಿ, ಮದ್ದಿದೆ. ಸೆಟ್ಟಿಂಗ್‌ಗಳನ್ನು ಎಕ್ಸ್‌ಪರ್ಟ್ ಮಟ್ಟಕ್ಕೆ ಏರಿಸಿ, ಆಡಿಯೊ ಭಾಗದಲ್ಲಿ ಚಾನೆಲ್ ಸಂಖ್ಯೆ 2.0 ಎಂದು ಇಟ್ಟು, ಪಾಸ್‌ಥ್ರೂ (ಧ್ವನಿಯನ್ನು ಬಿಚ್ಚದೆ ಕಳಿಸುವುದು) ಆನ್ ಮಾಡಿ, ಡಾಲ್ಬಿ ಡಿಜಿಟಲ್‌ಗೂ ಅದರ ಟ್ರಾನ್ಸ್‌ಕೋಡಿಂಗ್‌ಗೂ ಟಿಕ್ ಹಾಕಬೇಕು. 5.1 ಸ್ಪೀಕರ್‌ಗೆ 2.0 ಎಂದು ಬರೆಯುವುದು ತಲೆಕೆಳಗಾಗಿ ಕಾಣುತ್ತದೆ, ಆದರೆ ಅಲ್ಲಿ ಕೇಳುತ್ತಿರುವುದು ಬಿಚ್ಚಿದ ಧ್ವನಿ ಎಷ್ಟು ಚಾನೆಲ್ ದಾಟೀತು ಎಂದು. ಆಮೇಲೆ ಯಾವ ಬಗೆಯ 5.1 ಧ್ವನಿ ಬಂದರೂ ಕೋಡಿ ಅದನ್ನು ಡಾಲ್ಬಿ ಡಿಜಿಟಲ್‌ಗೆ ತಿರುಗಿಸಿ ಕಳಿಸುತ್ತದೆ. ಈ ಒಂದು ಕೆಲಸ ಎಷ್ಟೋ ಟಿವಿ ಬಾಕ್ಸ್‌ಗಳಿಗೆ ಬರುವುದಿಲ್ಲ. ನಾನು ಪಿಸಿಗೆ ಅಂಟಿಕೊಂಡಿರುವ ಮುಖ್ಯ ಕಾರಣವೂ ಇದೇ.

ಕೋಡಿ ಓಡಿಸಲು ವಿಂಡೋಸ್ ಹಾಕಿಲ್ಲ. ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಇದೆ, ಕೋಡಿಯನ್ನು ಓಡಿಸುವುದು ಬಿಟ್ಟು ಅದಕ್ಕೆ ಬೇರೆ ಕೆಲಸವಿಲ್ಲ. ಉಚಿತ. ಆನ್ ಮಾಡಿದರೆ ನೇರ ಸಿನಿಮಾ ಪಟ್ಟಿ; ಲೈಸೆನ್ಸ್, ಆಂಟಿವೈರಸ್, ನಡುವೆ ಅಪ್‌ಡೇಟ್ ಬಂತೆಂದು ತಾನೇ ರಿಸ್ಟಾರ್ಟ್ ಆಗುವುದು ಯಾವುದೂ ಇಲ್ಲ. ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಎಚ್‌ಡಿಆರ್10 ಸರಿಯಾಗಿ ಟಿವಿಗೆ ಹೋಗುತ್ತದೆ. ಎಚ್‌ಡಿಆರ್‌ನ ಇನ್ನೊಂದು ರೂಪವಾದ ಡಾಲ್ಬಿ ವಿಷನ್ ಮಾತ್ರ ಲಿಬ್ರೆಎಲೆಕ್ ಹಾಕಿದ ಇಂಥ ಪಿಸಿಯಲ್ಲಿ ಆಗದ ಮಾತು. ಎಚ್‌ಡಿಆರ್10ರ ಪದರವೇ ಇಲ್ಲದ ಪ್ರೊಫೈಲ್ 5ರ ಡಾಲ್ಬಿ ವಿಷನ್ ಫೈಲ್ ಓಡಿಸಿದರೆ ಮನುಷ್ಯರೆಲ್ಲ ಹಸಿರು, ನೇರಳೆ ಬಣ್ಣಕ್ಕೆ ತಿರುಗುತ್ತಾರೆ.

ಹಾಕಿದ ಮೊದಲ ದಿನವೇ ಮಾಡಬೇಕಾದ ಇನ್ನೊಂದು ಬದಲಾವಣೆ ರಿಫ್ರೆಶ್ ರೇಟ್‌ನದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಟಿವಿ 60 ಹರ್ಟ್ಸ್. ಭಾಗಿಸಿದರೆ ಸಮ ಬರುವುದಿಲ್ಲ, ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಚಿತ್ರ ತಡವರಿಸುತ್ತದೆ. ಪರದೆಯ ರಿಫ್ರೆಶ್ ರೇಟನ್ನು ವಿಡಿಯೊಗೆ ಹೊಂದಿಸುವ ಆಯ್ಕೆ ಕೋಡಿಯಲ್ಲಿದೆ, ಅದನ್ನು ಆನ್ ಮಾಡಿದರೆ 24ಕ್ಕೆ 24, ಪಾಲ್ ಪದ್ಧತಿಯ (ಸೆಕೆಂಡಿಗೆ 25 ಫ್ರೇಮಿನ) ವಿಸಿಡಿ, ಡಿವಿಡಿಗಳಿಗೆ 50. ಪಾಲ್ ಡಿಸ್ಕ್‌ಗಳ ಒಂದು ತಮಾಷೆ ಇಲ್ಲಿ ಹೇಳಬೇಕು. 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸಿ ಮಾಡಿದ ಡಿಸ್ಕ್‌ನಲ್ಲಿ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಬೇಗ ಮುಗಿಯುತ್ತದೆ, ಶ್ರುತಿ ಸರಿಪಡಿಸದಿದ್ದರೆ ಹಾಡುಗಳೂ ತುಸು ಏರಿದಂತೆ ಕೇಳುತ್ತವೆ. ಸಂಗೀತ ಕಲಿತವರು ಮನೆಯಲ್ಲಿದ್ದರೆ ಥಟ್ಟನೆ ಹಿಡಿಯುತ್ತಾರೆ. ಅದು ಪಿಸಿಯ ದೋಷವಲ್ಲ.

ಕನ್ನಡ ಸಬ್‌ಟೈಟಲ್ ಹಾಕಿದಾಗ ಅಕ್ಷರದ ಬದಲು ಚೌಕಗಳು ಬಂದರೆ ಗಾಬರಿ ಬೇಡ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಕೋಡಿಯ ಫಾಂಟ್ ಫೋಲ್ಡರ್‌ಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಆರಿಸಿದರೆ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಸಬ್‌ಟೈಟಲ್ ಫೈಲ್ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಇರಬೇಕು.

ರಿಮೋಟ್ ವಿಷಯದಲ್ಲಿ ಪಿಸಿ ಸೋಲುತ್ತದೆ. ಎಷ್ಟೋ ಸೆಟ್‌ಟಾಪ್ ಬಾಕ್ಸ್‌ಗಳು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇವೆಲ್ಲ ಎಚ್‌ಡಿಎಂಐ ಕೇಬಲ್‌ನಲ್ಲೇ ರಿಮೋಟಿನ ಆಜ್ಞೆ ಸಾಗಿಸುವ ಸಿಇಸಿ ಮೂಲಕ ಟಿವಿಯ ರಿಮೋಟಿನ ಮಾತು ಕೇಳುತ್ತವೆ. ಸಾಮಾನ್ಯ ಪಿಸಿಯ ಎಚ್‌ಡಿಎಂಐಗೆ ಆ ವಿದ್ಯೆ ಬರುವುದಿಲ್ಲ. ಟಚ್‌ಪ್ಯಾಡ್ ಇರುವ ವೈರ್‌ಲೆಸ್ ಕೀಬೋರ್ಡ್ ನನಗೆ ಸಾಕಿತ್ತು. ಅಮ್ಮ ಅದನ್ನು ಒಮ್ಮೆ ನೋಡಿ, “ಧಾರಾವಾಹಿ ನೋಡೋಕೆ ಟೈಪಿಂಗ್ ಕಲೀಬೇಕೇನೋ?” ಎಂದರು. ಫ್ಲಿರ್ಕ್ ಎಂಬ ಯುಎಸ್‌ಬಿ ರಿಸೀವರ್ ತರಿಸಿದೆ. ಯಾವುದೇ ಐಆರ್ ರಿಮೋಟಿನ ಗುಂಡಿಗಳನ್ನು ಕಲಿಸಿಕೊಟ್ಟರೆ ಪಿಸಿಗೆ ಅದು ಕೀಬೋರ್ಡಿನಂತೆ ಕಾಣುತ್ತದೆ. ಮೂಲೆಗೆ ಬಿದ್ದಿದ್ದ ಹಳೆಯ ಡಿಟಿಎಚ್ ರಿಮೋಟ್ ಈಗ ಇದರದ್ದು. ರಿಮೋಟಿನಿಂದಲೇ ಪಿಸಿ ಏಳಬೇಕೆಂದರೆ ಬಯೋಸ್‌ನಲ್ಲಿ ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆ ಆಫ್ ಇರಬೇಕು, ಇಲ್ಲವಾದರೆ ಮಲಗಿದ ಪಿಸಿಯ ಯುಎಸ್‌ಬಿಗೆ ಕರೆಂಟ್ ಬರದೆ ಹೋಗಬಹುದು.

ಕರೆಂಟ್ ಅಂದಾಗ ಬಿಲ್ ನೆನಪಾಗುತ್ತದೆ. ಸುಮ್ಮನಿದ್ದಾಗ ಇದು ಎಳೆಯುವುದು 25 ವ್ಯಾಟ್ ಆಸುಪಾಸು. ದಿನವಿಡೀ ಆನ್ ಬಿಟ್ಟರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಅದು ಸಣ್ಣದಲ್ಲ, ಹಾಗಾಗಿ ನೋಡಿ ಮುಗಿದ ಮೇಲೆ ಸ್ಲೀಪ್. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದರಲ್ಲೇ ಇಡಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಹೋಗಿ ಬರುವ ಸಂದು ದೊಡ್ಡದು, ಫ್ಯಾನಿಗೆ ಗೊತ್ತಾಗದಿದ್ದರೂ ಪಿಸಿ ಬಿದ್ದುಹೋಗುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಸಾಕೆಟ್ಟಿನ ಅರ್ಥಿಂಗ್ ಸರಿಯಿಲ್ಲ ಎಂದೇ ಲೆಕ್ಕ. ಎಲೆಕ್ಟ್ರಿಷಿಯನ್ ಬರುವ ತನಕ ಎಚ್‌ಡಿಎಂಐ ಕೇಬಲ್ ಹಾಕಿ ತೆಗೆಯಬೇಡಿ, ಪೋರ್ಟ್ ಸುಟ್ಟರೆ ಟಿವಿಯ ಬೋರ್ಡಿಗೇ ಖರ್ಚು.

ಇಷ್ಟು ದಿನದಲ್ಲಿ ಕೈಕೊಟ್ಟದ್ದು ಹಾರ್ಡ್ ಡಿಸ್ಕ್ ಒಂದೇ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳು ಏರುತ್ತಿದ್ದವು, ವಾರಂಟಿಯಲ್ಲಿ ಬದಲಿ ಸಿಕ್ಕಿತು. ಬದಲಿ ಡಿಸ್ಕ್ ಖಾಲಿ ಬರುತ್ತದೆ ಎಂಬುದು ನೆನಪಿರಲಿ. ಮದುವೆ ವಿಡಿಯೊ, ಯಕ್ಷಗಾನ ಎಲ್ಲದರ ಇನ್ನೊಂದು ಪ್ರತಿ ಬೀರುವಿನಲ್ಲಿಟ್ಟ ಪೋರ್ಟಬಲ್ ಡಿಸ್ಕ್‌ನಲ್ಲಿತ್ತು. ಸಿನಿಮಾಗಳನ್ನು ಮತ್ತೆ ಡಿಸ್ಕ್‌ಗಳಿಂದಲೇ ಇಳಿಸಿಕೊಂಡೆ.

ಇವತ್ತು ಮೊದಲ ಸಲ ಕಟ್ಟಿಸುವವರಿಗೆ ನಾನು ಹೇಳುವ ಪಟ್ಟಿ ಬೇರೆ. ಇಂಟೆಲ್ ಎನ್100 ಇರುವ ಪುಟ್ಟ ಪಿಸಿಗಳು ಬಂದಿವೆ. ಪ್ರೊಸೆಸರ್‌ನ ಲೆಕ್ಕ 6 ವ್ಯಾಟ್, ಎಚ್‌ಇವಿಸಿ, ಎವಿ1 ಎರಡೂ ಬರುತ್ತವೆ. ಸಿನಿಮಾ ಬಿಟ್ಟು ಬೇರೇನೂ ಮಾಡದವರಿಗೆ ಅದು ಸಾಕು, ದೊಡ್ಡ ಡಿಸ್ಕನ್ನು ಯುಎಸ್‌ಬಿಗೆ ಹಾಕಿಕೊಳ್ಳಬೇಕು ಅಷ್ಟೆ. ಆಫೀಸ್‌ಗಳಿಂದ ಬಂದ ರಿಫರ್ಬಿಷ್ಡ್ ಎಂಟನೇ ತಲೆಮಾರಿನ ಮಿನಿ ಪಿಸಿಗಳು ಇನ್ನೂ ಅಗ್ಗ, ಆದರೆ ಎವಿ1 ಇಲ್ಲ. ಕೆಲವಕ್ಕೆ ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುತ್ತದೆ. 4ಕೆ 60ಕ್ಕೆ ಆ್ಯಕ್ಟಿವ್ ಅಡಾಪ್ಟರ್ ಬೇಕಾದೀತು. ಯಾವುದನ್ನೇ ಕೊಳ್ಳುವುದಿದ್ದರೂ ಪೆನ್‌ಡ್ರೈವ್‌ನಲ್ಲಿ 10 ಬಿಟ್ ಎಚ್‌ಇವಿಸಿಯ ಒಂದು 4ಕೆ ತುಣುಕು ಒಯ್ಯಿರಿ. ಅಂಗಡಿಯಲ್ಲೇ 4ಕೆ ಟಿವಿಗೆ ಹಾಕಿಸಿ, ಟಿವಿಯ ಇನ್ಫೋ ಗುಂಡಿ ಒತ್ತಿ 60 ಹರ್ಟ್ಸ್ ತೋರಿಸುತ್ತದೋ ಇಲ್ಲವೋ ನೋಡಿ, ಆಮೇಲೆ ದುಡ್ಡು ಕೊಡಿ.